ಖಾಲಿ ಹೋಗುವ ಎರಡನೆಯ ಗಾಡಿ

ರಾಯಚೂರು, ಚಪ್ಪರದ ಕೆಳಗೆ
ಫೆಬ್ರವರಿ 30, 2171

ಎರಡು ವರ್ಷದ ಕೂಸನ್ನು ಡೇ ಕೇರ್‌ನವರ ಜೊತೆ ಹೊರಗೆ ಕಳಿಸುವುದೋ ಬೇಡವೋ ಎಂದು ಯೋಚಿಸುತ್ತ ಕುಳಿತಿರುವ ತಾಯಿ ತಂದೆಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಹಿರಿಯರು ಮೇ ತಿಂಗಳ ಬಿಸಿಲಿಗೆ ಬೇಸತ್ತು ಆ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬಿಸಿಲೇನೂ ತಗ್ಗಲಿಲ್ಲ, ಮೇ ಬೇಗ ಮುಗಿಯುತ್ತದೆ ಎಂಬ ಸಮಾಧಾನವಷ್ಟೆ ಉಳಿಯಿತು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ನಡುನಡುವೆ ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಈ ಕಾಗದವನ್ನು ಹಿನ್ನಂಚೆಗೆ ಹಾಕುತ್ತಿದ್ದೇನೆ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ಹೇಗೆ ಮುಟ್ಟಿಸುತ್ತಾರೆಂದು ಕೇಳಿದರೆ ಕಿಟಕಿಯ ಹಿಂದಿನ ಹುಡುಗಿಗೂ ಗೊತ್ತಿರಲಿಲ್ಲ. ಯಾರ ವಿಳಾಸಕ್ಕೆ ಎಂದು ಕೇಳಿದಳು. ಸಣ್ಣ ಮಕ್ಕಳಿರುವ ಮನೆ ಯಾವುದಾದರೂ ಆದೀತು ಎಂದೆ.

ನಮ್ಮ ಊರಿಗೆ ಊರೇ ಒಂದು ಚಪ್ಪರದ ಕೆಳಗಿದೆ. ಮದುವೆಯ ಚಪ್ಪರದಂಥದ್ದಲ್ಲ. ಎತ್ತರದ ಕಂಬಗಳ ಮೇಲೆ ಬಿಗಿದ ದಪ್ಪ ಬಿಳಿಯ ಹಾಸು, ಕೋಟೆಯ ಗುಡ್ಡದಿಂದ ರೈಲು ನಿಲ್ದಾಣದಾಚೆಯವರೆಗೆ. ಅದರ ಕೆಳಗೆ ಬದುಕು ಚೆನ್ನಾಗಿಯೇ ಇದೆ. ಈಗಲೂ ಜೋಳದ ರೊಟ್ಟಿ ಬಡಿಯುತ್ತೇವೆ, ಶೇಂಗಾ ಚಟ್ನಿ ಕುಟ್ಟುತ್ತೇವೆ, ಕಟ್ಟೆಗೆ ಕೂತು ಮಂದಿಯ ಮಾತಾಡುತ್ತೇವೆ. ಬೆಳಗಿನ ಹೊತ್ತಿನಲ್ಲಿ ಒಂದು ಗಂಟೆ ಬಾರಿಸುತ್ತಾರೆ. ಬಿಸಿಲ್ಗಂಟೆ ಎನ್ನುತ್ತೇವೆ ಅದಕ್ಕೆ. ಅದಾದ ಮೇಲೆ ಸಂಜೆಯವರೆಗೆ ಚಪ್ಪರ ದಾಟುವ ಹಾಗಿಲ್ಲ. ಗಾಳಿಯನ್ನು ಯಂತ್ರಗಳು ತಳ್ಳುತ್ತವೆ. ಅದು ಎಲ್ಲ ಓಣಿಯಲ್ಲೂ ಒಂದೇ ಹದದಲ್ಲಿ, ಒಂದೇ ವಾಸನೆಯಲ್ಲಿ ಹರಿದಾಡುವುದರಿಂದ, ಇದೆ ಎನ್ನುವುದೇ ಮರೆತುಹೋಗುತ್ತದೆ.

ಚಪ್ಪರ ಬಂದಾಗ ನಾನು ಲಂಗ ಹಾಕುವ ಹುಡುಗಿ. ಅದಕ್ಕೂ ಮುಂಚಿನ ದಿನಗಳು ನನಗೆ ನೆನಪಿವೆ, ಮತ್ತು ವಯಸ್ಸಾದಂತೆ ಅವು ಹತ್ತಿರವಾಗುತ್ತಿವೆ. ಬೇವಿನ ಮರದ ಕೆಳಗೆ ಚಾಪೆ ಹಾಸಿ ಮಲಗಿದರೆ ಮುಖದ ಮೇಲೆ ಹೂವು ಉದುರುತ್ತಿತ್ತು. ಮಧ್ಯಾಹ್ನದ ಸುಂಟರಗಾಳಿ ಓಣಿಯ ಕಸವನ್ನೆಲ್ಲ ಎತ್ತಿಕೊಂಡು ತಿರುಗುವಾಗ ನಾವು ಅದರ ನಡುವೆ ನುಗ್ಗುತ್ತಿದ್ದೆವು, ಅವ್ವ ಬೈಯುತ್ತಿದ್ದಳು. ನಮ್ಮಜ್ಜಿ ಅವಳ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: ನಿಮ್ಮ ಕಾಲದಲ್ಲಿ ಮಾತು ಬಾರದ ಮಕ್ಕಳನ್ನೂ ಹಳದಿ ಟೋಪಿ ಹಾಕಿ, ಎದೆಗೆ ಹೆಸರಿನ ಚೀಟಿ ಚುಚ್ಚಿ, ಒಂದೇ ಹಗ್ಗ ಹಿಡಿಸಿ ಸಾಲಾಗಿ ಪಾರ್ಕಿಗೆ, ಸಂತೆಗೆ, ಕೋಳಿ ಸಾಕುವವರ ಮನೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಎಷ್ಟು ಸಲೀಸಾಗಿ ಹೋಗುತ್ತಿದ್ದರು ಎಂದು ನಾವು ಬಾಯಿ ತೆರೆದು ಕೇಳುತ್ತಿದ್ದೆವು.

ಸಲೀಸು ಎಂದರೆ ನೀವು ಒಪ್ಪಲಿಕ್ಕಿಲ್ಲ. ಬಸ್ಸಿನಲ್ಲಿ ಅತ್ತರೆ, ಕೈ ಬಿಡಿಸಿಕೊಂಡು ಓಡಿದರೆ, ಎಂದು ನೀವೂ ಹೆದರುತ್ತೀರಿ. ಆ ಹೆದರಿಕೆ ನನಗೂ ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಗಂಗಾಂಬಿಕೆ ಎರಡು ವರ್ಷದವಳಿದ್ದಾಗ ಅವಳ ಕೂಸುಮನೆಯವರು ಮಕ್ಕಳನ್ನು ಚಪ್ಪರದಾಚೆಯ ಗುಡ್ಡಕ್ಕೆ ಕರೆದೊಯ್ದರು. ನಿಮ್ಮ ಡೇ ಕೇರ್‌ಗೆ ನಾವು ಕೂಸುಮನೆ ಎನ್ನುತ್ತೇವೆ. ಬರುವಾಗ ಗಾಡಿ ಬಯಲಿನಲ್ಲಿ ಕೆಟ್ಟು ನಿಂತಿತು. ಬಿಸಿಲೇರಿತು. ಬೇರೆ ಗಾಡಿ ಮುಟ್ಟುವಷ್ಟರಲ್ಲಿ ಮಕ್ಕಳೆಲ್ಲ ಬಾಡಿದ್ದರು. ಗಂಗಾ ಆಸ್ಪತ್ರೆಯಲ್ಲಿ ಕಣ್ಣು ಬಿಡುವವರೆಗೆ ನಾನು ಅಲ್ಲಿನ ಹೊಸ್ತಿಲಲ್ಲೇ ಕೂತಿದ್ದೆ. ನಮ್ಮ ಓಣಿಯ ದುರುಗಪ್ಪಣ್ಣನ ಮಗ ಭೀಮೇಶ ಕಣ್ಣು ಬಿಡಲಿಲ್ಲ. ಗಂಗಾಳ ಜೊತೆಗೇ ಆಡುತ್ತಿದ್ದ ಕೂಸು. ಅಲ್ಲಿಂದೀಚೆಗೆ ನಮ್ಮೂರಿನ ಯಾವ ಕೂಸುಮನೆಯೂ ಮಕ್ಕಳನ್ನು ಹೊರಗೆ ಕರೆದೊಯ್ಯಲಿಲ್ಲ. ಯಾರೂ ಬೇಡವೆಂದು ಹೇಳಬೇಕಾಗಲಿಲ್ಲ, ಯಾರೂ ಕೇಳಲೇ ಇಲ್ಲ.

ಮೂವತ್ತು ವರ್ಷದ ಮೇಲೆ ಕೇಳಿದವರು ಹಸೀನಾಬಾನು ಅಕ್ಕೋರು. ಆಗ ಗಂಗಾಳ ಮಗಳು ಚನ್ನಿ ಅವರು ಕಲಿಸುವ ಕೂಸುಮನೆಗೆ ಹೋಗುತ್ತಿದ್ದಳು. ಆ ವರ್ಷ ಒಳ್ಳೆಯ ಮಳೆಯಾಗಿ ಕೃಷ್ಣೆಯಲ್ಲಿ ಪುಷ್ಯಮಾಸಕ್ಕೂ ನೀರು ಹರಿಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಮಕ್ಕಳನ್ನು ನದಿ ದಂಡೆಗೆ ಕರೆದೊಯ್ದು ಬಿಸಿಲ್ಗಂಟೆಗೆ ಮುಂಚೆ ತಿರುಗಿ ಬರೋಣವೇ ಎಂದು ಅವರು ಮನೆಯವರನ್ನೆಲ್ಲ ಕರೆದು ಕೇಳಿದರು. ಒತ್ತಾಯವಿಲ್ಲ, ನೀವೇ ತೀರ್ಮಾನಿಸಿ ಎಂದರು. ಅವರ ದನಿಯೂ ಅಷ್ಟು ಗಟ್ಟಿಯಾಗಿರಲಿಲ್ಲ.

ಮನೆಯಲ್ಲಿ ನಾನು ಸುತರಾಂ ಒಪ್ಪಲಿಲ್ಲ. ಎರಡು ವರ್ಷದ್ದಕ್ಕೆ ನದಿಯೇನು, ಬಚ್ಚಲೇನು, ದೊಡ್ಡವಳಾದ ಮೇಲೆ ನೋಡಲಿ ಎಂದೆ. ಈಗ ನೋಡಿದರೂ ನೆನಪಿರುವುದಿಲ್ಲವಲ್ಲ ಎಂದು ವಾದ ಮಾಡಿದೆ. ಗಂಗಾ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡದೆ ಹೇಳಿದಳು:

"ಇವತ್ತು ಉಂಡಿದ್ದು ಅಕಿಗೆ ನಾಳಿ ನೆನಪಿರ್ತದೇನವ್ವ? ಆದ್ರೂ ಮೈಗೆ ಹತ್ತತದಲ್ಲ."

ನನಗೆ ಸಿಟ್ಟು ಬಂತು. ಸತ್ತು ಬದುಕಿದವಳು ನೀನು, ನಿನಗೇ ಭಯವಿಲ್ಲವೇ ಎಂದೆ. ಆ ದಿನದ್ದು ತನಗೇನೂ ನೆನಪಿಲ್ಲ, ಭಯವನ್ನೆಲ್ಲ ನೀನೇ ಇಟ್ಟುಕೊಂಡಿದ್ದೀ ಎಂದಳು. ಅವಳು ಚುಚ್ಚಿ ಹೇಳಲಿಲ್ಲ, ಮೆತ್ತಗೇ ಹೇಳಿದಳು. ಹೇಳಿ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

ಸಭೆಯ ದಿನ ಕೂಸುಮನೆಯ ಅಂಗಳದಲ್ಲಿ, ಮಕ್ಕಳ ಪುಟ್ಟ ಮಣೆಗಳ ಮೇಲೆ ಮೊಣಕಾಲು ಎದೆಗೇರಿಸಿಕೊಂಡು ಕೂತಿದ್ದೆವು. ಅರ್ಧ ಮಂದಿ ಬೇಡ ಎನ್ನುತ್ತಿದ್ದರು. ಉಳಿದವರು ಬೇಕು ಎನ್ನಲು ಧೈರ್ಯ ಸಾಲದೆ ಕೂತಿದ್ದರು. ಅಷ್ಟರಲ್ಲಿ ಭೀಮೇಶನ ಅಪ್ಪ ದುರುಗಪ್ಪಣ್ಣ ಬಂದ. ಅವನ ಮನೆಯಿಂದ ಕೂಸುಮನೆಗೆ ಹೋಗುವ ಮಕ್ಕಳಿರಲಿಲ್ಲ, ಅವನನ್ನು ಯಾರೂ ಕರೆದಿರಲೂ ಇಲ್ಲ. ಕಂಬಕ್ಕೆ ಒರಗಿ ನಿಂತ. ಎಲ್ಲರೂ ಅವನತ್ತ ತಿರುಗಿದರು. ಇವನು ಬೇಡ ಎಂದರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಅವನು ಹಾಗೇ ಅನ್ನಲಿ ಎಂದು ನಾನು ಕಾಯುತ್ತಿದ್ದೆ.

ಅವನು ಹಸೀನಾಬಾನು ಅಕ್ಕೋರಿಗೆ ಹೇಳಿದ: "ಕಳಸ್ರಿ ಅಂತನೂ ನಾ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ, ಅಕ್ಕೋರ. ಹೋಗೋದಾದ್ರ ಒಂದ ಗಾಡಿ ಒಯ್ಯಬ್ಯಾಡ್ರಿ. ಎರಡು ಒಯ್ರಿ. ಒಂದು ಖಾಲಿ ಬರಲಿ ಹಿಂದ."

ಅಷ್ಟೇ ಹೇಳಿ, ಆ ಖಾಲಿ ಗಾಡಿಯಲ್ಲಿ ತಾನು ಕೂತುಕೊಳ್ಳಬಹುದೇ ಎಂದು ಕೇಳಿದ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು ಆಗಲಿ ಎಂದರು. ಆಮೇಲೆ ಯಾರೂ ವಾದ ಮಾಡಲಿಲ್ಲ. ಕೆಲವರು ಕಳಿಸುತ್ತೇವೆ ಎಂದರು, ಕೆಲವರು ಇಲ್ಲ ಎಂದು ಎದ್ದು ಹೋದರು, ಹೋದವರನ್ನು ಯಾರೂ ಹಳಿಯಲಿಲ್ಲ. ಗಂಗಾ ನನ್ನ ಮುಖ ನೋಡಿದಳು. ನಾನೂ ಜೊತೆಗೆ ಬರುವುದಾದರೆ ಮಾತ್ರ ಎಂದೆ.

ಹೋದೆವು. ಇನ್ನೂ ನಸುಕು. ಚನ್ನಿಗೆ ಎರಡು ಅಂಗಿ ತೊಡಿಸಿದ್ದೆ. ಚಪ್ಪರದ ಅಂಚು ದಾಟುವಾಗ ಕಣ್ಣು ಮುಚ್ಚಿ ನನ್ನ ಹೆಸರಿನ ದೇವಿ ಹುಲಿಗೆಮ್ಮ ತಾಯಿಯನ್ನು ನೆನೆದೆ. ಕಣ್ಣು ತೆರೆದರೆ ಮೇಲೆ ಬರೀ ಆಕಾಶ, ಹುಡುಗಿಯಿದ್ದಾಗ ನೋಡಿದ್ದ ಆ ನಸುಗೆಂಪು. ತಿರುಗಿ ನೋಡಿದೆ. ಹಿಂದೆ ಖಾಲಿ ಗಾಡಿ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ದುರುಗಪ್ಪಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನೆಟ್ಟಗೆ ಕೂತಿದ್ದ.

ದಂಡೆಯಲ್ಲಿ ಇಳಿಸಿದರೆ ಮಕ್ಕಳು ನದಿಯನ್ನು ನೋಡಲೇ ಇಲ್ಲ. ಎಷ್ಟು ದೊಡ್ಡ ನೀರು ನೋಡಿರಿ ಎಂದು ನಾವೇ ಹೇಳಿಕೊಂಡೆವು. ಅವರಿಗೆ ಕೆಸರು ಬೇಕಾಗಿತ್ತು. ಒಬ್ಬ ಕಪ್ಪೆಚಿಪ್ಪನ್ನು ಬಾಯಿಗಿಟ್ಟ, ಗಂಗಾ ಬೆರಳು ಹಾಕಿ ತೆಗೆದಳು. ದೂರದಲ್ಲಿ ಒಂದು ಆಡು ಕೂಗಿದ್ದಕ್ಕೆ ಎಲ್ಲ ಸೇರಿ ಕೂಗಿದರು. ಚನ್ನಿ ಮಾತ್ರ ನಿಂತಲ್ಲೇ ನಿಂತಿದ್ದಳು. ನದಿಯ ಮೇಲಿಂದ ಗಾಳಿ ಬರುತ್ತಿತ್ತು, ಬಿಟ್ಟು ಬಿಟ್ಟು, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಅವಳ ಕೂದಲು ಎದ್ದು ಹಣೆಗೆ ಬಡಿಯುತ್ತಿತ್ತು. ಅತ್ತ ಇತ್ತ ನೋಡಿದಳು. ಆಮೇಲೆ ಹತ್ತಿರದಲ್ಲಿ ಯಾರಿದ್ದಾರೆಂದು ಹುಡುಕಿ, ಗಾಡಿಯ ಬಾಗಿಲಲ್ಲಿ ನಿಂತಿದ್ದ ದುರುಗಪ್ಪಣ್ಣನ ಧೋತರ ಹಿಡಿದು ಜಗ್ಗಿದಳು.

"ತಾತಾ, ಯಾರು ಊದಾಕತ್ತಾರ?"

ಅವನು ಅಷ್ಟು ಹೊತ್ತು ಗಾಡಿಯ ಮೆಟ್ಟಿಲು ಬಿಟ್ಟು ಇಳಿದಿರಲಿಲ್ಲ. ಆಗ ಇಳಿದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಯಾರೂ ಅಲ್ಲವ್ವ. ಗಾಳಿ ಅದು. ತಾನ ಬರ್ತದ."

ಅವಳು ಬಾಯಿ ತೆರೆದು ಅದನ್ನು ಕುಡಿಯಲು ನೋಡಿದಳು. ಅವನೂ ಬಾಯಿ ತೆರೆದ. ಇಬ್ಬರೂ ಹಾಗೇ ಕೂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಗಂಗಾ ಬಂದು ನನ್ನ ತೋಳು ಹಿಡಿದುಕೊಂಡಳು. ಗಾಡಿ ಹತ್ತುವವರೆಗೆ ಕೈ ಬಿಡಲಿಲ್ಲ.

ಬಿಸಿಲ್ಗಂಟೆಗೆ ಬಹಳ ಮುಂಚೆಯೇ ಊರು ಸೇರಿದೆವು. ಏನೂ ಆಗಲಿಲ್ಲ. ಎರಡನೆಯ ಗಾಡಿ ಖಾಲಿ ಹೋಗಿ ಖಾಲಿಯೇ ಬಂತು. ಅದನ್ನು ನೋಡಿದಾಗ ನನಗಾದ ಸಂತೋಷವನ್ನು ಬರೆದು ತಿಳಿಸಲಾರೆ. ದುರುಗಪ್ಪಣ್ಣ ಇಳಿದು, ಡ್ರೈವರನಿಗೆ ಕೈಮುಗಿದು ಮನೆಗೆ ನಡೆದ. ಮರುದಿನ ಬೆಳಿಗ್ಗೆ ಅವನ ಕಟ್ಟೆಯ ಮೇಲೆ ಚನ್ನಿಗೆಂದು ಒಂದು ಬೆಲ್ಲದ ಉಂಡಿ ಕಾಯುತ್ತಿತ್ತು. ಆಮೇಲೆ ಅದು ದಿನದ ಪದ್ಧತಿಯಾಯಿತು.

ಚನ್ನಿ ಈಗ ಹೈಸ್ಕೂಲು ಮುಗಿಸುತ್ತಿದ್ದಾಳೆ. ನದಿಗೆ ಹೋದದ್ದು ನೆನಪಿದೆಯೇ ಎಂದು ಕೇಳಿದರೆ, ಆಡು ಇತ್ತಲ್ಲ ಎನ್ನುತ್ತಾಳೆ. ಅದನ್ನೂ ನಾವೇ ಹೇಳಿ ಹೇಳಿ ಕೊಟ್ಟ ನೆನಪಿರಬೇಕು. ದುರುಗಪ್ಪಣ್ಣ ಹೋದ ವರ್ಷ ತೀರಿಕೊಂಡ. ಆದರೂ ನೀರಿರುವ ವರ್ಷಗಳಲ್ಲಿ ಪುಷ್ಯಮಾಸಕ್ಕೆ ಎರಡು ಗಾಡಿ ಹೊರಡುತ್ತವೆ. ಖಾಲಿ ಗಾಡಿಯ ಮುಂದಿನ ಸೀಟಿಗೆ ಓಣಿಯ ಯಾರಾದರೊಬ್ಬರು ಹತ್ತುತ್ತಾರೆ. ಈ ಸಲ ನನ್ನ ಪಾಳಿ ಇತ್ತು.

ಕಳಿಸಿ ಎಂದು ನಾನೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಕೂಸು ನಿಮ್ಮದು, ಜ್ವರ ಬಂದರೆ ಕೂತು ಕಾಯುವವರೂ ನೀವೇ. ಗಾಡಿ ಯಾವುದು, ಜೊತೆಗೆ ಯಾರಿದ್ದಾರೆ, ಬಿಸಿಲಿಗೆ ಏನು ಏರ್ಪಾಡು ಎಂದು ನಾಚಿಕೆಯಿಲ್ಲದೆ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಕೈಗೆ ಕೊಡಬೇಡಿ. ಕೇಳಿದ ಮೇಲೂ ಹೆದರಿಕೆ ಹೋಗದು. ಅದು ಇರಲಿ.

ಒಂದು ಬೇಡಿಕೆ ಮಾತ್ರ ಇದೆ. ಕಳಿಸಿದಿರಾದರೆ, ಸಂಜೆ ಅದು ಅಂಗಿ ತುಂಬ ಮಣ್ಣು ಮಾಡಿಕೊಂಡು, ನಿದ್ದೆಗಣ್ಣಲ್ಲಿ ಬಸ್ಸಿಳಿದು ನಿಮ್ಮ ಹೆಗಲಿಗೆ ಬೀಳುತ್ತದೆ. ಸ್ನಾನಕ್ಕೆ ಅವಸರ ಮಾಡಬೇಡಿ. ಮನೆಯವರೆಗೆ ಇಳಿಸದೆ ಹೊತ್ತು ನಡೆಯಿರಿ, ದಾರಿ ಉದ್ದದ್ದಿದ್ದರೆ ಉದ್ದದ್ದನ್ನೇ ಹಿಡಿಯಿರಿ. ಇಷ್ಟು ದೂರದಲ್ಲಿ ಕೂತ ನನಗೂ ಆ ಭಾರ ಬೇಕಾಗಿದೆ.

ನಿಮ್ಮ ಮಕ್ಕಳ ಮೊಮ್ಮಕ್ಕಳ ಕಾಲದ
ಹುಲಿಗೆಮ್ಮ