ನೀರು ಬಿಡುವ ಸಿಳ್ಳೆ

ವಾಲ್‌ಕ್ಲೇರ್,
12 ಅಕ್ಟೋಬರ್ 1799
(ಸರ್ಕಾರದ ಹೊಸ ಪಂಚಾಂಗದಲ್ಲಿ ಇದು ಯಾವ ತಿಂಗಳೋ, ನನಗೆ ಹಳೆಯದೇ ಸಾಕು.)

ಪ್ರೀತಿಯ ತಂಗಿ ಕ್ಲೋಡಿನ್,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ರೂಆನ್ ಪಟ್ಟಣದ ಚಳಿ ನಿನಗೆ ಆಗಿಬರುವುದಿಲ್ಲವೆಂದು ನಿನ್ನ ಮದುವೆಯ ದಿನವೇ ಹೇಳಿದ್ದೆ, ನೀನೆಲ್ಲಿ ಕೇಳುತ್ತೀಯ. ನಿನ್ನ ಯಜಮಾನರ ಪೀಪಾಯಿ ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂದು ನಂಬಿದ್ದೇನೆ. ಆ ಕಡೆಯಿಂದ ಬಂದ ಬಟ್ಟೆ ವ್ಯಾಪಾರಿ ಹೇಳಿದ, ನೀನು ಇನ್ನೂ ತೆಳ್ಳಗೇ ಇದ್ದೀಯಂತೆ, ಒಂದು ಹಲ್ಲೂ ಹೋಗಿಲ್ಲವಂತೆ. ಕೇಳಿ ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ ಕಣೇ, ಹೊಟ್ಟೆ ಉರಿಯಿತು. ನನ್ನ ಮುಂದಿನ ಹಲ್ಲುಗಳು ಈಸ್ಟರ್ ಹೊತ್ತಿಗೇ ಉದುರಿದವು, ಥೇಟ್ ಅಪ್ಪನ ಬಾಯಿ.

ಇಲ್ಲಿಯ ಸುದ್ದಿ ಎಂದರೆ ರಾಜರ ಮನೆಯದು. ಅದನ್ನು ಕೆಡವುತ್ತಿದ್ದಾರೆ. ಹರಾಜಿನಲ್ಲಿ ಹಿಡಿದವನು ಅಲ್ಲಿ ಮೊದಲು ನೂಲಿನ ಗಿರಣಿ ಹಾಕಿದ. ಅದು ಕೈಹತ್ತಲಿಲ್ಲ. ಈಗ ಕಲ್ಲು, ಕಿಟಕಿ, ಬಾಗಿಲು ಎಲ್ಲವನ್ನೂ ಬಿಡಿಬಿಡಿಯಾಗಿ ಮಾರುತ್ತಿದ್ದಾನೆ. ರಾಣಿಯ ಸ್ನಾನದ ಮನೆಯ ಅಮೃತಶಿಲೆಯ ಮೇಲೆ ಬೇಕರಿಯವನು ಹಿಟ್ಟು ನಾದುತ್ತಾನೆ. ನಮ್ಮ ಹಂದಿಗೂಡಿಗೂ ಒಂದೆರಡು ಕೆತ್ತನೆಯ ಕಲ್ಲು ತಂದೆ, ಹಂದಿ ಈಗ ದೇವದೂತನ ಮೂಗಿಗೆ ಬೆನ್ನು ಉಜ್ಜಿಕೊಳ್ಳುತ್ತದೆ. ಅಜ್ಜ ಹೇಳುತ್ತಿದ್ದುದು ನೆನಪಿದೆಯೇ? ಇಲ್ಲೆಲ್ಲ ಜೌಗು, ಅದನ್ನು ತುಂಬಲು ಮಣ್ಣು ಹೊತ್ತ ಎಷ್ಟೋ ಜನ ಜ್ವರ ಬಂದು ಸತ್ತರಂತೆ. ದೊಡ್ಡ ಅರಮನೆಯ ಗದ್ದಲ ಸಾಕಾಗಿ, ನಾಲ್ಕು ದಿನ ನೆಮ್ಮದಿಯಾಗಿರಲು ರಾಜ ಕಟ್ಟಿಸಿದ ಮನೆ. ಕಟ್ಟಿ ಮುಗಿದ ಮೇಲೆ ಇಡೀ ದರಬಾರು ಇಲ್ಲಿಗೆ ಕರೆಸಿಕೊಳ್ಳಲು ಹಲ್ಲುಗಿಂಜುತ್ತಿತ್ತು. ಕರೆ ಬಂದವರನ್ನು ಕಂಡರೆ ಬರದವರಿಗೆ ಆಗುತ್ತಿರಲಿಲ್ಲ. ಆ ಸಂಕಟ ಏನೆಂದು ನನಗೆ ಚೆನ್ನಾಗಿ ಗೊತ್ತು.

ನನಗೆ ಬರದ ಕರೆ ನಿನಗೆ ಬಂತಲ್ಲ! ರಾಜರ ತೋಟದ ಕಾರಂಜಿಗಳೆಲ್ಲ ಒಟ್ಟಿಗೆ ಚಿಮ್ಮುವಷ್ಟು ನೀರು ಅಲ್ಲಿ ಎಂದೂ ಇರಲಿಲ್ಲ. ರಾಜ ಹೋದ ಕಡೆ ಮಾತ್ರ ಬಿಡಬೇಕು, ಅವನು ಬೆನ್ನು ತಿರುಗಿಸಿದ ಕೂಡಲೇ ನಿಲ್ಲಿಸಬೇಕು. ರಾಜ ಹತ್ತಿರ ಬಂದಾಗ ನಮ್ಮ ಬ್ಲೇಸ್ ಕೆಳಗೆ ಬೇಲಿಯ ಮರೆಯಿಂದ ಸಿಳ್ಳೆ ಹಾಕುವುದು, ದಿಬ್ಬದ ಮೇಲೆ ಅಪ್ಪ ಕೊಳವೆಯ ತಿರುಪು ತಿರುಗಿಸಿ ‘ಬಿಟ್ಟೆ’ ಎಂದು ಸಿಳ್ಳೆಯಲ್ಲೇ ಮಾರುತ್ತರ ಕೊಡುವುದು. ಅಪ್ಪನಿಗೆ ಹಲ್ಲು ಹೋಯಿತು. "ಕ್ಲೋಡಿನ್, ನೀ ಬಾರೇ, ನನ್ ಬಾಯಲ್ಲಿ ಬರೀ ಗಾಳಿ ಬರ್ತದೆ" ಎಂದು ನಿನ್ನನ್ನೇ ಕರೆದುಕೊಂಡು ಹೋದರು. ನಾನೂ ಬರುತ್ತೇನೆಂದರೆ, "ನೀ ಹೋದ್ರೆ ರೊಟ್ಟಿ ಯಾರು ಸುಡ್ತಾರೆ, ರಾಜ ಸುಡ್ತಾನಾ?" ಎಂದಳು ಅಮ್ಮ. ಒಲೆಯ ಮುಂದೆ ನಿಂತರೂ ನನಗೆ ಎಲ್ಲ ಕೇಳಿಸುತ್ತಿತ್ತು. ಕೆಳಗಿನಿಂದ ಬ್ಲೇಸ್, ಮೇಲಿನಿಂದ ನೀನು. ಊರಿನವರಿಗೆ ಅದು ನೀರಿನ ಕೆಲಸ. ನನಗೆ ಮಾತ್ರ ಹಾಗೆ ಕೇಳಲಿಲ್ಲ.

ಬ್ಲೇಸ್ ನಿನ್ನನ್ನು ಕೇಳಿಕೊಂಡು ಬಂದಾಗ ಅಪ್ಪ "ಹಿರೇಳು ಇರೋವಾಗ ಕಿರೇಳ್ನ ಹೇಗಪ್ಪಾ ಕೊಡ್ಲಿ" ಎಂದರು, ಅವರು ಟೋಪಿ ತೆಗೆದು ನನ್ನನ್ನೇ ಒಪ್ಪಿಕೊಂಡರು. ಒಳ್ಳೆಯ ಗಂಡ, ಸುಳ್ಳು ಹೇಳಬಾರದು. ಆದರೆ ನನ್ನನ್ನು ಎಂದೂ ಸಿಳ್ಳೆ ಹಾಕಿ ಕರೆಯಲಿಲ್ಲ, ಹೆಸರು ಹಿಡಿದೇ ಕರೆದರು. ಆಮೇಲೆ ಬಂದ ರಾಜನಿಗೆ ಕಾರಂಜಿ ಎಂದರೆ ಬೇಸರ, ಬೇಟೆಗೆ ಬಂದರೆ ಬಂದ. ಕೊಳದಲ್ಲಿ ಪಾಚಿ ಕಟ್ಟಿತು. ಕಡೆಗೆ ರಾಜನೇ ಇಲ್ಲವಾದ. ಆಗ ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇನ್ನಾದರೂ ಇವರು ಪೂರ್ತಿ ನನ್ನವರಾಗುತ್ತಾರೆ ಎಂದು.

ಹೋದ ತಿಂಗಳು ದಿಬ್ಬ ಅಗೆದು ಸೀಸದ ಕೊಳವೆ ಕಿತ್ತರು. ಬ್ಲೇಸ್ ನೋಡಲು ಹೋಗಿ, ಬಂದು ಮಲಗಿದವರು ಎದ್ದಿಲ್ಲ. ಎದೆ ಸೋತಿದೆ, ಚಳಿಗಾಲ ಕಳೆಯುವುದು ಕಷ್ಟ ಎಂದು ವೈದ್ಯರು ಹೇಳಿದರು. ಈರುಳ್ಳಿ ಸಾರು ಎರಡು ಗುಟುಕು ಕುಡಿದರೆ ಹೆಚ್ಚು. ನಾನಿದ್ದೇನೆ, ನೋಡಿಕೊಳ್ಳುತ್ತೇನೆ. ನೀನು ಅಷ್ಟು ದೂರದಿಂದ ಬರುವ ತೊಂದರೆ ತೆಗೆದುಕೊಳ್ಳಬೇಡ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುತ್ತು. ಮೇರಿಮಾತೆ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಪೆರಿನ್

ತಾ.ಕ.: ಈ ಕಾಗದ ಒಯ್ಯುವ ಗಾಡಿಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಬರಬೇಡ ಎಂದು ಮೇಲೆ ಬರೆದ ಮಾತನ್ನು ಬಿಟ್ಟುಬಿಡು. ಬ್ಲೇಸ್ ಮಲಗಿದಲ್ಲಿಂದಲೇ ಸಿಳ್ಳೆ ಹಾಕಿ ಕಿವಿಗೊಟ್ಟು ಕಾಯುತ್ತಾರೆ. "ಮೇಲಿಂದ ಇನ್ನೂ ಉತ್ತರ ಬರ್ಲಿಲ್ಲ ಪೆರಿನ್, ರಾಜ ಬಂದ್ಬಿಟ್ಟ, ನೀರಿಲ್ಲ" ಎಂದು ಬೆವರುತ್ತಾರೆ. ನನ್ನ ಬಾಯಲ್ಲಿ ಬರೀ ಗಾಳಿ ಬರುತ್ತದೆ. ದನ ಕಾಯುವವನಿಂದ ಸಿಳ್ಳೆ ಹಾಕಿಸಿದರೆ, "ಅದಲ್ಲ, ಅವನ್ಯಾರೋ ಹಸು ಕರೀತಾನೆ" ಎಂದು ಮುಖ ತಿರುಗಿಸಿದರು. ನಿನ್ನ ಹಲ್ಲು ಗಟ್ಟಿಯಾಗಿವೆಯಲ್ಲ, ಇದೇ ಗಾಡಿಯಲ್ಲಿ ಹೊರಟು ಬಾ. ಮನೆಗೆ ಮೊದಲು ಬರಬೇಡ, ನೇರ ದಿಬ್ಬ ಹತ್ತಿ ಅಲ್ಲಿಂದ ಉತ್ತರ ಕೊಡು, ಕಿಟಕಿ ತೆರೆದಿಟ್ಟಿರುತ್ತೇನೆ. ಅದು ಕೇಳುವಾಗ ಅವರ ಕೈ ಹಿಡಿದುಕೊಂಡಿರುವವಳು ನಾನಾಗಿರಬೇಕು.