ರಕ್ಷಿತ್, ಊಟ ಆಯ್ತಾ?

ಸುಳ್ಯ
೨-೮-೨೦೨೫, ಶನಿವಾರ

ಪ್ರೀತಿಯ ಝುಲ್ಲು,

ನಿನ್ನ ವಾಸಂತಿಯ ನೂರು ನೆನಪುಗಳು. ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಶಾರ್ಜಾದಲ್ಲಿ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ನಾವು ಹೇಗಿದ್ದೇವೆ ಎಂಬುದು ಈ ಕಾಗದ ಓದಿ ಮುಗಿಯುವಷ್ಟರಲ್ಲಿ ನಿನಗೇ ಗೊತ್ತಾಗುತ್ತದೆ.

ಬಯ್ಯಬೇಡ ಮಾರಾಯ್ತಿ. ರಂಜಾನಿಗೆ ನೀನು ಬಟ್ಟೆಯ ಜೊತೆ ಕಳಿಸಿದ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲ. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವ ನನಗೆ ಆ ಬಟ್ಟೆಗೆ ಕತ್ತರಿ ಹಾಕಲೂ ಪುರುಸೊತ್ತಾಗಿಲ್ಲ. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತಿ. ನಿಮ್ಮ ಮನೆಯ ಫೋನ್ ಯಾವಾಗಲೂ ಸ್ಪೀಕರಿನಲ್ಲಿ. ನಾನು ಹಲೋ ಅನ್ನುವ ಮೊದಲೇ ನಿನ್ನ ಅತ್ತೆ ಜೈನಬಮ್ಮ ಒಳಗಿನಿಂದ "ವಾಸಂತಿಯಾ? ಸೌಖ್ಯವಾ?" ಅನ್ನುತ್ತಾರೆ. ಇದು ಸ್ಪೀಕರಿನಲ್ಲಿ ಹೇಳುವ ವಿಷಯ ಅಲ್ಲ. ನಿನ್ನ ಮೈದುನ ಸಿನಾನ್ ಸೋಮವಾರ ವಿಮಾನ ಹತ್ತುತ್ತಾನಂತೆ. ಅವನ ಕೈಯಲ್ಲಿ ಹಲಸಿನ ಹಪ್ಪಳ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಹಪ್ಪಳ ಎಲ್ಲರಿಗೂ, ಕಾಗದ ನಿನಗೊಬ್ಬಳಿಗೆ.

ನೇರ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು, ಝುಲ್ಲು. ಎಂಥ ಹೊಟ್ಟೆಕಿಚ್ಚು ಅಂದರೆ ಹೊಲಿಗೆ ಮಿಶನ್ನಿನ ಮುಂದೆ ಕೂತರೆ ಕಾಲು ತಾನಾಗಿ ಜೋರು ಓಡುತ್ತದೆ, ಹೊಲಿಗೆ ಅಡ್ಡಾದಿಡ್ಡಿಯಾಗುತ್ತದೆ. ನಿನ್ನೆ ಒಬ್ಬರ ರವಿಕೆಯ ತೋಳನ್ನು ತಿರುವು ಮುರುವು ಇಟ್ಟು ಹೊಲಿದು, ಕೂತು ಬಿಚ್ಚಿದೆ.

ನಮ್ಮವರು ಗಿಟಾರ್ ಹಿಡಿದದ್ದು ನಿನಗೆ ಗೊತ್ತಲ್ಲ, ಆ ಕೊರೊನಾ ಸಮಯದಲ್ಲಿ. ಕರೆಂಟಿನ ಕಂಬ ಹತ್ತುವ ಲೈನ್‌ಮ್ಯಾನ್ ಕುಶಾಲಪ್ಪ ಗಿಟಾರ್ ಬಾರಿಸುವುದೆಂದರೆ ಮೊದಲು ಎಲ್ಲರೂ ನಕ್ಕರು. ಈಗ ಇವರಂಥವರದ್ದೇ ಒಂದು ವಾಟ್ಸಾಪ್ ಗುಂಪು ಉಂಟು. ಪುತ್ತೂರು, ಸುಳ್ಯ, ಕಡಬ, ಮೂರೂ ತಾಲೂಕಿನವರು ಇದ್ದಾರೆ. ದೊಡ್ಡ ಕಲಾವಿದರು ಯಾರೂ ಅಲ್ಲ. ಒಬ್ಬರು ಬ್ಯಾಂಕಿನವರು, ಒಬ್ಬರು ನೆಲ್ಯಾಡಿಯಲ್ಲಿ ರಬ್ಬರ್ ಮಾಡುವವರು. ಕಬಕದ ನವಾಝ್ ಎಂಬವರ ಸೈಕಲ್ ರಿಪೇರಿ ಅಂಗಡಿಯ ಹಿಂದುಗಡೆ ಭಾನುವಾರ ಎಲ್ಲರೂ ಸೇರುತ್ತಾರೆ. ಹಾಗಾಗಿ ಅರ್ಧ ಮಾತು ತಂತಿಯದ್ದು, ಇನ್ನರ್ಧ ಹಳೆ ಸೈಕಲಿನದ್ದು. ಯಾರ ಅಜ್ಜನ ಮನೆಯ ಹಟ್ಟಿಯಲ್ಲಿ ಯಾವ ಕಾಲದ ಸೈಕಲ್ ಬಿದ್ದಿದೆ, ಅದರ ಡೈನಮೊ ಇನ್ನೂ ಉರಿಯುತ್ತದಾ, ಇಂಥದ್ದೇ.

ಆದರೆ ಈ ಎರಡಕ್ಕಿಂತ ಮೊದಲು ಊಟದ ಸುದ್ದಿ. ಅದು ನವಾಝ್ ಮಾಡಿದ ನಿಯಮ. ಮಧ್ಯಾಹ್ನ ಅವರು "ವಣಸ್ ಆಂಡಾ?", ಊಟ ಆಯ್ತಾ ಎಂದು ತುಳುವಿನಲ್ಲಿ ಕೂಗಿ ಗುಂಪಿಗೆ ಹಾಕುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಎಂತ ಊಟ ಎಂದು ಬಾಯಿಬಿಟ್ಟು ಹೇಳಿ ವಾಯ್ಸ್ ಮೆಸೇಜ್ ಕಳಿಸಬೇಕು. "ಊಟ ಹೇಳದವ ತಂತಿ ಮುಟ್ಟುವ ಹಾಗಿಲ್ಲ" ಅಂತೆ.

ನಮ್ಮ ಮನೆಯ ಊಟದ ಹೊತ್ತು ನೀನು ನೋಡಿದ್ದಿ. ಮಾವನವರಿಗೂ ಇವರಿಗೂ ನಾನು ಬಡಿಸುತ್ತೇನೆ. "ಉಪ್ಪು ಸರಿ ಉಂಟಾ?" ಎಂದರೆ "ಹ್ಞೂ." "ಸಾರು ಹಾಕ್ಲಾ?" ಎಂದರೆ "ಹ್ಞೂ." ಕೈ ತೊಳೆದು ಹೋದರೆ ಮುಗಿಯಿತು. ಮದುವೆಯಾದಾಗಿನಿಂದ ನನ್ನ ಅಡುಗೆಗೆ ಸಿಕ್ಕಿದ ಸರ್ಟಿಫಿಕೇಟ್ ಆ ಒಂದು ಹ್ಞೂ.

ಕಳೆದ ತಿಂಗಳು ಒಂದು ದಿನ ಪತ್ರೊಡೆ ಮಾಡಿದ್ದೆ. ಇವರು ಊಟ ಮಾಡಿ ಜಗಲಿಗೆ ಹೋದರು. ನಾನು ಪಕ್ಕದ ಕೋಣೆಯಲ್ಲಿ ಮಿಶನ್ನಿನ ಹತ್ತಿರ ಇದ್ದೆ. ಕೇಳುತ್ತೇನೆ, ಇವರು ಫೋನಿಗೆ ಹೇಳುತ್ತಿದ್ದಾರೆ: "ನಮ್ಮಲ್ಲಿ ಇವತ್ತು ಪತ್ರೊಡೆ ಮಾರಾಯ್ರೆ. ಎಂತ ಹೇಳುದು! ಹುಳಿ ಬೇಕಾದಷ್ಟೇ, ಬೆಲ್ಲ ಬೇಕಾದಷ್ಟೇ. ಕೆಸುವಿನ ಎಲೆ ಅಂತ ಗಂಟಲಿಗೆ ಗೊತ್ತೇ ಆಗ್ಲಿಲ್ಲ, ಒಂಚೂರು ತುರಿಕೆ ಇಲ್ಲ. ನಮ್ಮವಳ ಕೈಯಲ್ಲಿ ಎಂತದೋ ಉಂಟು." ಝುಲ್ಲು, ನಾನು ಮಿಶನ್ ನಿಲ್ಲಿಸಿ ಗೋಡೆ ನೋಡಿದೆ. ನನ್ನ ಪತ್ರೊಡೆಯ ರುಚಿ ಮೂರು ತಾಲೂಕಿಗೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ! ಸಂತೋಷ ಆಗಬೇಕಿತ್ತು ಎಂದು ನೀನು ಹೇಳಬಹುದು. ಹೊಟ್ಟೆ ಉರಿಯಿತು. ಆ ನವಾಝ್ ಮೇಲೆ, ಬ್ಯಾಂಕಿನವರ ಮೇಲೆ, ಮುಖ ಪರಿಚಯ ಇಲ್ಲದವರ ಮೇಲೆಲ್ಲ ಉರಿಯಿತು. ಅದರ ಮೇಲೆ ಭಾನುವಾರ ಕಬಕದಿಂದ ಬಂದವರು ಬೈಕ್ ಇಳಿಯುವ ಮೊದಲೇ "ನವಾಝ್‌ನ ಹೆಂಡತಿ ಮಿಸ್ರಿಯಾ ಅಕ್ಕಿಹಿಟ್ಟಿನ ಪತ್ತಿರ್ ಮಾಡಿದ್ರು, ಬಾಯಿಗಿಟ್ರೆ ಕರಗ್ತದೆ" ಅಂದರು. ಬಾಯಿ ಇಲ್ಲದವರಲ್ಲ ಇವರು, ಗೊತ್ತಾಯಿತಾ? ಪತ್ತಿರ್ ಒಳ್ಳೆಯದೇ, ನಿನ್ನ ತಾಯಿ ಮಾಡಿದ್ದನ್ನು ನಾನು ತಟ್ಟೆ ನೆಕ್ಕಿ ತಿಂದವಳು. ವಿಷಯ ಅದಲ್ಲ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ನಗಬೇಡ. ಹೊಲಿಗೆಯ ಗಿರಾಕಿಗಳಿಗೆಂದು ಹೊಸ ಸಿಮ್ ತೆಗೆದುಕೊಂಡಿದ್ದೆ. ಆ ನಂಬರ್ ಇವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಗುಂಪಿಗೆ ಸೇರುವ ಲಿಂಕ್ ಇವರೇ ಸ್ಟೇಟಸ್ಸಿಗೆ ಹಾಕಿದ್ದರು. 'ರಕ್ಷಿತ್, ಕಡಬ' ಎಂದು ಹೆಸರು ಹಾಕಿ ಒಳಗೆ ನುಗ್ಗಿಬಿಟ್ಟೆ. ಹೊಸದಾಗಿ ಕಲಿಯುವವ, ಕೆಲಸದ ಜಾಗದಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ, ಟೈಪ್ ಮಾತ್ರ ಮಾಡುತ್ತೇನೆ ಎಂದು ಬರೆದೆ. ಯಾರೂ ಸಂಶಯ ಪಡಲಿಲ್ಲ. "ಬನ್ನಿ ಬನ್ನಿ, ಮೊದಲು ಊಟ ಹೇಳಿ" ಅಂದರು ನವಾಝ್.

ಹೊಸಬನಿಗೆ ಕಲಿಸುವ ಕೆಲಸ ಯಾರು ವಹಿಸಿಕೊಂಡರು ಹೇಳು? ನಮ್ಮವರೇ. ಗುಂಪು ಬಿಟ್ಟು ಬೇರೆಯಾಗಿ ಮೆಸೇಜು. ದಿನಾ ಮಧ್ಯಾಹ್ನ ಮೊದಲ ಮಾತು, "ರಕ್ಷಿತ್, ಊಟ ಆಯ್ತಾ?" ಜಗಲಿಯಲ್ಲಿ ಕೂತು ಹೇಳಿದ್ದು ನನಗೆ ಗೋಡೆಯ ಈಚೆ ಒಮ್ಮೆ ಕೇಳುತ್ತದೆ, ಮತ್ತೆ ನನ್ನ ಫೋನಿಗೆ ಬಂದು ಬೀಳುತ್ತದೆ. ಎಂಥ ಮೆತ್ತಗಿನ ಸ್ವರ! ಯಾವ ತಂತಿ ತಗೊಳ್ಳಬೇಕು, ಮೊದಲಿಗೆ ಯಾವುದು ಹಗುರ, ಎಲ್ಲ ಹೇಳಿಕೊಟ್ಟರು. ಬಾಯಿಗೆ ಬಂದದ್ದು ಟೈಪ್ ಮಾಡಿ, "ಬೆರಳು ನೋಯ್ತದೆ ಕುಶಾಲಣ್ಣ" ಎಂದು ಬರೆದೆ. ಗಂಡನನ್ನು ಅಣ್ಣ ಎಂದು ಕರೆದ ಪಾಪ ಬೇರೆ ನನ್ನ ತಲೆಗೆ. "ಅಯ್ಯೋ, ಇವತ್ತು ಸಾಕು, ಬಿಡು. ಬೆರಳಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚು" ಅಂದರು. ನನ್ನ ಬೆರಳನ್ನು ನೋಡಿಕೊಂಡೆ. ಸೂಜಿ ಚುಚ್ಚಿಸಿಕೊಂಡ ಬೆರಳಿಗೆ ಎಣ್ಣೆ ಹಚ್ಚು ಎಂದು ಈ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಆ ರಕ್ಷಿತನ ಕಪಾಳಕ್ಕೆ ಒಂದು ಬಾರಿಸಬೇಕು ಅನಿಸಿತು. ಅವನು ನಾನೇ ಎಂಬುದು ಗೊತ್ತಿದ್ದೂ ಅನಿಸಿತು.

ಒಂದು ದಿನ ಸಿಕ್ಕಿಬೀಳುವುದರಲ್ಲಿದ್ದೆ. ಊಟದ ಸುದ್ದಿಯಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ, ಮಾಡಿದ್ದನ್ನೇ ಬರೆಯುತ್ತಿದ್ದೆ. ಆ ದಿನ ಎಳೆ ಬಿದಿರಿನ ಕಣಿಲೆ ಪಲ್ಯ, ಹುರುಳಿ ಸಾರು, ಒಣಮೀನಿನ ಚಟ್ನಿ. ನಾನು ಬರೆದ ಹಿಂದೆಯೇ ಇವರ ಧ್ವನಿ ಬಂತು, ಕಣಿಲೆ ಪಲ್ಯ, ಹುರುಳಿ ಸಾರು, ಒಣಮೀನಿನ ಚಟ್ನಿ. ನವಾಝ್ ಬಿಡುತ್ತಾರಾ? "ಎಂತ ಮಾರಾಯ್ರೆ, ಸುಳ್ಯಕ್ಕೂ ಕಡಬಕ್ಕೂ ಒಂದೇ ಅಡಿಗೆ ಕೋಣೆಯಾ?" ಎಂದು ನಕ್ಕರು. ಈಗ ಎದ್ದು ಒಳಗೆ ಬರುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ಕಾದೆ. ಹೆದರಿಕೆಯಾದದ್ದು ನಿಜ, ಬರಲಿ ಎಂದು ಆಸೆಯಾದದ್ದೂ ನಿಜ. ಇವರು ಕೂತಲ್ಲಿಂದಲೇ "ಆಟಿ ತಿಂಗಳಲ್ಲಿ ಎಲ್ಲರ ಮನೆಯಲ್ಲೂ ಕಣಿಲೆ ಅಲ್ವಾ" ಅಂದರು. ಮುಗಿಯಿತು. ಮಾರನೆಯ ದಿನ ಪತ್ತೇದಾರರ ಹಾಗೆ ಮುಖ ನೋಡಿದೆ. "ಸಾರು ಹಾಕ್ಲಾ?" "ಹ್ಞೂ."

ಇನ್ನೊಂದು ಕೇಳು. ಇವರ ಹಳೆಯ ಹರ್ಕ್ಯುಲಸ್ ಸೈಕಲನ್ನು ನವಾಝ್ ಅಂಗಡಿಯಲ್ಲಿ ರಿಪೇರಿಗೆ ಹಾಕಿದ್ದಾರೆ. ಇಷ್ಟು ಹಳತು ಯಾಕೆ ಬೇಕು ಎಂದು ರಕ್ಷಿತ್ ಕೇಳಿದ. ಅದಕ್ಕೆ ಇವರು ಹೇಳಿದ್ದು: ಮದುವೆಗೆ ಮೊದಲು ಪುತ್ತೂರಿನಲ್ಲಿ ಟ್ರೈನಿಂಗಿನಲ್ಲಿದ್ದರಂತೆ. ಮನೆಯವರು ನನ್ನ ಫೋಟೊ ತೋರಿಸಿದ್ದರಂತೆ. ಹೆಣ್ಣು ನೋಡುವ ಶಾಸ್ತ್ರದ ಮೊದಲೇ ಒಮ್ಮೆ ನೋಡಬೇಕೆಂದು ಆ ಸೈಕಲಿನಲ್ಲಿ ನನ್ನ ತವರು ಮನೆಯ ದಾರಿಯಲ್ಲಿ ಬಂದರಂತೆ. ನಮ್ಮ ಗೇಟಿನ ಎದುರೇ ಚೈನ್ ಕಳಚಿತು. "ಕೈಯೆಲ್ಲ ಗ್ರೀಸ್ ಮಾರಾಯ. ಅವಳೇ ಹೊರಗೆ ಬಂದು ಒಂದು ತುಂಡು ಬಟ್ಟೆ ಕೊಟ್ಟು, ಕೈ ಒರಸಿಕೊಳ್ಳಿ ಅಂದ್ಲು. ನಾನು ಯಾರಂತ ಅವಳಿಗೆ ಗೊತ್ತಿಲ್ಲ. ನಾನು ಅಲ್ಲೇ ನಿಶ್ಚಯ ಮಾಡಿದೆ, ಆದ್ರೆ ಇವಳೇ."

"ಅವರಿಗೆ ಇದನ್ನು ಹೇಳಿದ್ದೀರಾ?" ಎಂದು ರಕ್ಷಿತ್ ಕೇಳಿದ.

"ಇಷ್ಟು ವರ್ಷ ಆದ ಮೇಲೆ ಎಂತ ಹೇಳುದು? ನಗ್ತಾಳೆ."

ಅದು ನನ್ನ ಕಥೆ, ಝುಲ್ಲು! ನನಗೆ ಸೇರಬೇಕಾದದ್ದನ್ನು ಆ ಕಡಬದವನಿಗೆ ಎತ್ತಿ ಕೊಟ್ಟರು. ನಾನು ನಗುತ್ತೇನಂತೆ. ಎಷ್ಟು ನೆನಪು ಮಾಡಿದರೂ ಆ ಸೈಕಲಿನವರ ಮುಖ ನನಗೆ ಬರುವುದಿಲ್ಲ. ಆಗ ನೀನು ದಿನಾ ನಮ್ಮಲ್ಲಿಗೆ ಬರುತ್ತಿದ್ದಿ, ನಿನಗಾದರೂ ನೆನಪುಂಟಾ? ಆ ದಿನ ಮಿಶನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ರವಿಕೆ ಕೇಳಿಕೊಂಡು ಬಂದವರಿಗೆ ಶೀತ ಎಂದೆ.

ಬುಧವಾರ ಇವರು "ರಕ್ಷಿತ್, ಮನೆಯಲ್ಲಿ ಯಾರೊಟ್ಟಿಗೆ ಉಣ್ಣುದು ನೀನು?" ಎಂದು ಕೇಳಿದರು. ನಾನು ಇದ್ದದ್ದನ್ನು ಬರೆದೆ. ಎಲ್ಲರದ್ದೂ ಆದ ಮೇಲೆ ಒಬ್ಬನೇ. ಆಮೇಲೆ, "ಈ ಭಾನುವಾರ ಕಬಕಕ್ಕೆ ಬಾ. ನಮ್ಮ ಮನೆಯಿಂದ ಊಟ ತರ್ತೇನೆ. ಒಟ್ಟಿಗೆ ಕೂತು ಉಣ್ಣುವ" ಅಂದರು. ಅಷ್ಟು ಹೇಳಿ ಸೀದಾ ಒಳಗೆ ಬಂದು, "ವಾಸಂತಿ, ಭಾನುವಾರ ಕೋಳಿ ಸಾರು, ಒತ್ತು ಶ್ಯಾವಿಗೆ ಮಾಡು. ಒಬ್ಬನಿಗೆ ಜಾಸ್ತಿ ಇರ್ಲಿ. ಒಳ್ಳೆ ಜನ, ಚೆಂದ ಮಾಡು" ಅಂದರು. ಚೆಂದ ಮಾಡಬೇಕಂತೆ!

ನಾಳೆಯೇ ಆ ಭಾನುವಾರ. ಹೋಗಲಾ? ನೀನು ಕಳಿಸಿದ ಬಟ್ಟೆಯಲ್ಲಿ ಈ ರಾತ್ರಿಯೇ ರವಿಕೆ ಹೊಲಿದು ಹಾಕಿಕೊಂಡು ಕಬಕದಲ್ಲಿ ಬಸ್ಸಿಳಿದು, "ನಾನೇ ರಕ್ಷಿತ್, ಬಡಿಸಿ" ಎಂದು ಕೂತುಬಿಡಲಾ? ಅಷ್ಟು ಜನರ ಎದುರು ಇವರ ಮರ್ಯಾದೆ ಹೋಗುತ್ತದೆ ಎಂದೂ ಅನಿಸುತ್ತದೆ. ಹೋಗದಿದ್ದರೆ ನನ್ನ ಗಂಡ ನನ್ನನ್ನು ಊಟಕ್ಕೆ ಕರೆದ ಒಂದೇ ಒಂದು ಸಲ ಕೈತಪ್ಪುತ್ತದೆ. ನಿನ್ನ ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಆದರೂ ಕೇಳುತ್ತಿದ್ದೇನೆ.

ಸಾಕು, ತುಂಬಾ ಕೊರೆದೆ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಜೈನಬಮ್ಮನವರ ಮಂಡಿನೋವು ಕಡಿಮೆಯಾಗಲಿ. ಯಾವ ಊರಲ್ಲಿದ್ದರೂ ನಿನ್ನ ಮನೆ ತುಂಬಿರಲಿ, ಝುಲ್ಲು.

ನಿನ್ನ
ವಾಸಂತಿ

ತಾ.ಕ.

ಭಾನುವಾರ ಸಂಜೆ. ಸಿನಾನ್ ಬರುವ ಮೊದಲು ಅಂಟಿಸಿದ ಲಕೋಟೆ ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ.

ನಾನು ಹೋಗಲಿಲ್ಲ. ಸೀರೆ ಉಟ್ಟೆ, ಹೊಸಿಲು ದಾಟಲಿಲ್ಲ. ಮಧ್ಯಾಹ್ನ ಇವರ ಮೆಸೇಜು ಬಂತು, "ರಕ್ಷಿತ್, ಎಲ್ಲಿದ್ದಿ? ನಾವು ಕೂತಿಲ್ಲ, ನೀನು ಬಾ." ಹಿಂದಿನಿಂದ ನವಾಝ್ ಹಸಿವು ಹಸಿವು ಎಂದು ಬೊಬ್ಬೆ ಹೊಡೆಯುವುದು ಕೇಳಿತು. "ಬರ್ಲಿಕ್ಕೆ ಆಗುದಿಲ್ಲ ಕುಶಾಲಣ್ಣ, ನೀವು ಊಟ ಮಾಡಿ" ಎಂದು ಬರೆದೆ. "ಇನ್ನೂ ಸ್ವಲ್ಪ ಕಾಯ್ತೇನೆ" ಅಂದರು. ಉಳಿದವರು ಉಂಡರಂತೆ, ಇವರು ಮೂರು ಗಂಟೆಯವರೆಗೆ ಕಾದರಂತೆ. ನನಗೆ ಇಲ್ಲಿ ಒಂದು ತುತ್ತು ಇಳಿಯಲಿಲ್ಲ.

ಈಗ ಬಂದರು. ಬುತ್ತಿಯ ಒಂದು ಡಬ್ಬಿ ಹಾಗೆಯೇ ತುಂಬಿತ್ತು. "ಅವನ ಪಾಲು. ಹಾಳು ಮಾಡುದು ಬೇಡ, ನೀನು ಉಣ್ಣು" ಎಂದು ನನ್ನ ಮುಂದೆ ಇಟ್ಟರು. ಬಿಸಿ ಮಾಡಿ, ಬಡಿಸಿಕೊಂಡು, ಅಡುಗೆ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದೆ. ಇವರು ಬಾಗಿಲಲ್ಲಿ ಫೋನ್ ನೋಡುತ್ತ ನಿಂತಿದ್ದರು. ಎಂದೂ ಇಲ್ಲದೆ ಅಷ್ಟು ಹೊತ್ತು ನಿಂತರು. ಆಮೇಲೆ ಹೇಳಿದರು:

"ಪಾಪ ಮಾರಾಯ್ತಿ. ದಿನಾ ಎಲ್ಲರದ್ದು ಆದ ಮೇಲೆ ಉಣ್ಣುದಂತೆ. ಹಾಗೆ ಒಬ್ಬನೇ ಕೂತು ಉಣ್ಣುದು ಅಂದ್ರೆ ಎಂತ ಅಂತ ನಿನಗೆ ಗೊತ್ತುಂಟಾ?"

ಬಾಯಲ್ಲಿ ತುತ್ತಿತ್ತು, ಝುಲ್ಲು. ನುಂಗಿ, "ಇಲ್ಲ" ಅಂದೆ.