ಖಾಲಿ ಪ್ಲೇಟಿನ ಬೆಳಕು

ನಿಗಡಿ, ಪುಣೆ
೧೪ ಜುಲೈ ೨೦೨೫

ಪ್ರೀತಿಯ ತಂಗಿ ನೀತಾ,

ಕ್ಷೇಮ ತಾನೇ? ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನನ್ನ ದನಿಯಲ್ಲೇ ಎಲ್ಲ ಪತ್ತೆ ಹಚ್ಚುವವಳು ನೀನು, ಅದಕ್ಕೇ ಕಾಗದ.

"ಲ್ಯಾಬಿನಾಗ ದಿನಾಪೂರ್ತಿ ಅದೇನ್ ಮಾಡ್ತೀ ಅಕ್ಕಾ?" ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಗಾಜಿನ ಪ್ಲೇಟಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಕಂಬಗಳನ್ನು ಸಾಲಾಗಿ ನಿಲ್ಲಿಸುತ್ತೇವೆ. ಬೆಳಕು ಬಿಟ್ಟರೆ ಒಂದೇ ಒಂದು ಬಣ್ಣ ಅವುಗಳೊಳಗೆ ಸಿಕ್ಕಿಬೀಳುತ್ತದೆ. ಹೊರಗೆ ಹೊರಟ ಅಲೆಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಅದು ಒಳಗೇ ಅನುರಣಿಸುತ್ತ ಉಳಿಯುತ್ತದೆ, ಥೇಟ್ ಗುಮ್ಮನಗುಸಕ! ಆದರೆ ಮೇಲೆ ಹಚ್ಚಿದ ರಕ್ತದಿಂದ ಅವ್ವನನ್ನು ಒಯ್ದ ಕ್ಯಾನ್ಸರಿನ ಪ್ರೋಟೀನ್ ಒಂದು ಚೂರು ಬಂದು ಕೂತರೂ ಸಾಕು, ಆ ಬಣ್ಣ ಸರಿಯುತ್ತದೆ, ಅಂದರೆ ಚೂರು ಬದಲಾಗುತ್ತದೆ; ರೋಗವಿದೆ ಎಂಬುದಕ್ಕೆ ಅದೇ ಗುರುತು. ಅವ್ವನಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. ಇನ್ನೊಬ್ಬರಿಗೆ ಹಾಗಾಗಬಾರದೆಂದೇ ನನ್ನ ಈ ಹಟ.

ಕಳೆದ ತಿಂಗಳು ಒಂದು ತಮಾಷೆಯಾಯಿತು. ಏನೂ ಹಚ್ಚದ ಪ್ಲೇಟಿನಲ್ಲೂ ಬಣ್ಣ ಸರಿಯಿತು! "ಖಾಲಿ ಪ್ಲೇಟ್ ಹೆಂಗ ಮಾತಾಡ್ತದವಾ? ದೆವ್ವ ಹೊಕ್ಕದೇನ?" ಎಂದರು ನಮ್ಮ ಕಡೆಯವರೇ ಆದ ಮುಖ್ಯಸ್ಥ ಅವಧೂತ ಸರ್. ನನಗೋ ಕುತೂಹಲ ತಡೆಯದು. ಹುಡುಕಿದರೆ, ತಪ್ಪು ನನ್ನ ಮರಾಠಿಯದು. ಸಹೋದ್ಯೋಗಿ ಸ್ವಪ್ನಿಲ್‌ಗೆ "ಖಾಲಿ ಪ್ಲೇಟ್ ಲಾವ್" ಎಂದಿದ್ದೆ, ಏನೂ ಹಚ್ಚದ್ದನ್ನು ಇಡು ಎಂಬರ್ಥದಲ್ಲಿ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ! "ಖಾಲೀ ಮ್ಹಣಜೇ ಖಾಲಚೀಚ ನಾ?" ಖಾಲಿ ಅಂದರೆ ಕೆಳಗಿನದೇ ತಾನೇ, ಎಂದು ಆತ ಟ್ರೇಯ ಕೆಳಗಿನ ಪ್ಲೇಟನ್ನು ಇಟ್ಟಿದ್ದ. ಬಿದ್ದು ಬಿದ್ದು ನಕ್ಕೆವು.

ನಗು ಮುಗಿದ ಮೇಲೆ ಸರ್ ಕೇಳಿದರು, "ಕೆಳಗಿಂದು ಹೋಲಿಕೆಗಂತ ಇಟ್ಟಿದ್ದು, ಆರೋಗ್ಯ ಚಲೋ ಇದ್ದವರ ರಕ್ತ ಅಲ್ಲೇನು? ಅದರಾಗ ಬಣ್ಣ ಯಾಕ ಸರೀಬೇಕು?" ಪ್ಲೇಟಿನದೇ ದೋಷವಿರಬಹುದೆಂದು ಅದೇ ರಕ್ತವನ್ನು ಹೊಸದಕ್ಕೆ ಹಚ್ಚಿ ನೋಡಿದೆವು. ಅಲ್ಲೂ ಸರಿಯಿತು.

ದೇವರು ನಿನಗೆ, ನಿನ್ನವರಿಗೆಲ್ಲ ಗಟ್ಟಿ ಆರೋಗ್ಯ ಕೊಡಲಿ.

ನಿನ್ನ ಅಕ್ಕ,
ಕೇತಕಿ

ತಾ.ಕ.: ಆ ರಕ್ತ ನನ್ನದು. "ನಾ ಗಟ್ಟಿಮುಟ್ಟ ಅದೀನಿ, ನಂದೇ ತಗೋರಿ" ಎಂದು ನಾನೇ ತೋಳು ಚಾಚಿದ್ದೆ. ಮೊನ್ನೆ ಆಸ್ಪತ್ರೆಯ ಸ್ಕ್ಯಾನಿನಲ್ಲೂ ಗಡ್ಡೆ ಕಂಡಿತು. ಚಿಕ್ಕದು, ತೆಗೆಯಬಹುದು ಎಂದಿದ್ದಾರೆ. ಆದರೂ ಭಯವಾಗುತ್ತದೆ, ನೀತಾ. ಭಾನುವಾರ ಬಂದುಬಿಡು, ನಿನ್ನನ್ನೂ ಡಾಕ್ಟರಿಗೆ ತೋರಿಸೋಣ. ಇಬ್ಬರೂ ಒಂದೇ ಅವ್ವನ ಮಕ್ಕಳಲ್ಲವೇ.